ಕೂಡ್ತೈತಿ ಬಿಡ್ರಿ

ಮೊದಲು ಗಾಡಿ ಚೆನ್ನಾಗಿ ಓಡುತ್ತಿದೆಯೇ ನೋಡಿಕೊಳ್ಳಿ. ಓಡುತ್ತಿದ್ದರೆ ಮಾತ್ರ ಮುಂದಿನ ಗಾಲಿಗೆ ಕೈ ಹಾಕಿ. ಕೆಟ್ಟ ಗಾಡಿಯ ಗಾಲಿ ಬದಲಿಸುವುದು ರಿಪೇರಿ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಸರಿಯಿದ್ದ ಗಾಡಿಗೆ ಇನ್ನೊಂದು ಗಾಡಿಯ ಗಾಲಿ ತಂದು ಹಾಕುವುದು ಶೋಕಿ, ಅದಕ್ಕೆ ಗುರು ಬೇಕು. ನಾನಿದ್ದೇನೆ.

ಶುರುವಿಗೇ ಒಂದು ಗೊಂದಲ ಬಗೆಹರಿಸಿಕೊಳ್ಳಿ. ನಮ್ಮ ಅಲಖನೂರ ಕಡೆ ‘ಕ್ರೂಸರ್’ ಎಂದರೆ ಸೀಟಿಗಿಂತ ಎರಡು ಪಟ್ಟು ಮಂದಿಯನ್ನು ತುಂಬಿಕೊಂಡು, ಟಾಪಿನ ಮೇಲೆ ಗಂಟುಮೂಟೆ ಹೇರಿಕೊಂಡು ರಾಯಬಾಗಕ್ಕೆ ಹೋಗುವ ಜೀಪು. ನಾನು ಹೇಳುತ್ತಿರುವುದು ಅದಲ್ಲ. ಕಾಲು ಮುಂದಕ್ಕೆ ಚಾಚಿ, ಬೆನ್ನು ಹಿಂದಕ್ಕೆ ಬಿಟ್ಟು, ಗೌಡರು ಕಟ್ಟೆಯ ಮೇಲೆ ಕೂತಂತೆ ಕೂತು ಓಡಿಸುವ ಎರಡು ಗಾಲಿಯ ಕ್ರೂಸರ್. 2001ರಲ್ಲಿ ಕವಾಸಾಕಿ ಬಜಾಜ್ ಎಲಿಮಿನೇಟರ್ ಬಂತು, ಮರುವರ್ಷ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರಲ್ಲಿ ಬಜಾಜ್ ಅವೆಂಜರ್, 2020ರಲ್ಲಿ ಮೀಟಿಯರ್ 350. ಇಷ್ಟು ಹೆಸರು ಬಾಯಿಪಾಠ ಮಾಡಿ. ಉಳಿದದ್ದನ್ನು ಕಲಿಯಬೇಡಿ, ಕಲಿತರೆ ಕೈ ನಡುಗುತ್ತದೆ.

ಈಗ ಕಾರಣ ಹುಡುಕಿ. ಹಾರೂಗೇರಿ ಕ್ರಾಸಿನಲ್ಲಿ ಚಹಾ ಕುಡಿಯುತ್ತ ನಿಲ್ಲಿ. ಸಾಂಗಲಿ ಕಡೆಯ ಎಂಎಚ್-10 ನಂಬರಿನ ಥಂಡರ್‌ಬರ್ಡ್ ಎಕ್ಸ್ ಒಂದು ಬಂದು ನಿಮ್ಮ ಅವೆಂಜರಿನ ಮಗ್ಗುಲಿಗೆ ನಿಲ್ಲುತ್ತದೆ. ಅದರ ಮುಂದಿನ ಗಾಲಿ ಅಲಾಯ್, ಎತ್ತರ, ಕಪ್ಪಗೆ ಮಿಂಚುತ್ತಿದೆ. ನಿಮ್ಮದು ಸ್ಪೋಕಿನದು, ಗಿಡ್ಡ, ಹೊಲದ ಎರೆಮಣ್ಣು ಮೆತ್ತಿಕೊಂಡಿದೆ. ಮಣ್ಣು ತೊಳೆದರೆ ಸಾಕಾಗಿತ್ತಲ್ಲ ಎಂಬ ವಿಚಾರ ಬಂದರೆ ತಕ್ಷಣ ಎರಡನೇ ಚಹಾ ಹೇಳಿ, ವಿಚಾರ ಹೋಗುತ್ತದೆ.

ಮನೆಯಲ್ಲಿ ಹೇಳಬೇಡಿ. ಅಪ್ಪಗಳು ಒಂದೇ ಪ್ರಶ್ನೆ ಕೇಳುತ್ತಾರೆ: ‘ಇದ್ದದ್ದಕ್ಕ ಏನ ಆಗಿತ್ತೋ?’ ಇದಕ್ಕೆ ಜಗತ್ತಿನ ಯಾವ ಇಂಜಿನಿಯರನ ಹತ್ತಿರವೂ ಉತ್ತರವಿಲ್ಲ.

ಗಾಲಿ ಆರಿಸುವಾಗ ಒಂದು ಅಪಾಯದಿಂದ ದೂರವಿರಿ. 2015ರ ನಂತರ ಅವೆಂಜರ್ ಸ್ಟ್ರೀಟ್ ಎಂದೂ ಕ್ರೂಸ್ ಎಂದೂ ಎರಡಾಗಿ ಬಂತು. 220 ಸಿಸಿಯದರಲ್ಲಿ ಕ್ರೂಸಿಗೆ ಸ್ಪೋಕ್, ಸ್ಟ್ರೀಟಿಗೆ ಅಲಾಯ್, ಎರಡರ ಮುಂದಿನ ಗಾಲಿಯೂ 17 ಇಂಚು. ಒಂದರದ್ದನ್ನು ಇನ್ನೊಂದಕ್ಕೆ ಹಾಕುವ ಆಲೋಚನೆ ಬರಬಹುದು. ಬೇಡ. ಒಂದೇ ಮನೆಯ ಅಣ್ಣತಮ್ಮಂದಿರ ಅಂಗಿ ಅದು, ಹೆಚ್ಚು ಕಡಿಮೆ ಸರಿಯಾಗಿಯೇ ಬಂದುಬಿಡುತ್ತದೆ. ಆಮೇಲೆ ಊರ ಮುಂದೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಬೇರೆ ಮನೆಯ ಗಾಲಿಯನ್ನೇ ಹುಡುಕಿ. ಅವೆಂಜರಿನ ಮುಂದಿನ ಟೈರಿನ ಮೇಲೆ 90/90-17 ಎಂದಿರುತ್ತದೆ. ಥಂಡರ್‌ಬರ್ಡಿನದು 90/90-19. ಮೊದಲಿನ ಎರಡು ಅಂಕಿ ಕೂಡಿದವಲ್ಲ? ಲಗ್ನಕ್ಕೆ ಜಾತಕ ನೋಡುವವರೂ ಮೂರಕ್ಕೆ ಎರಡು ಕೂಡಿದರೆ ಒಪ್ಪುತ್ತಾರೆ. ಮೊದಲ 90 ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ನೂರಕ್ಕೆ 90ರಷ್ಟು ಎತ್ತರ, ಅಂದರೆ 81 ಮಿ.ಮೀ. ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹಾಕಿದರೆ ಮೊದಲ ಗಾಲಿಯ ಪೂರ್ತಿ ಎತ್ತರ 594 ಮಿ.ಮೀ., ಎರಡನೆಯದು 645. ವ್ಯತ್ಯಾಸ ಎರಡು ಇಂಚು. ಹೊಲದ ಬದುವಿನ ಎರಡು ಇಂಚಿಗೆ ರಾಯಬಾಗದ ಕೋರ್ಟಿನಲ್ಲಿ ಎರಡು ತಲೆಮಾರು ಕಳೆಯುವ ನಾವು ಗಾಲಿಯ ಎರಡು ಇಂಚಿಗಾದರೂ ದೊಡ್ಡ ಮನಸ್ಸು ಮಾಡಬೇಕು.

ಖರೀದಿಗೆ ಮಿರಜಕ್ಕೆ ಹೋಗಿ. ಕುಡಚಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ. ಜೊತೆಗೆ ಹಳೆಯ ಎಕ್ಸೆಲ್ ಒಯ್ಯಬೇಡಿ, ಟೇಪು ಒಯ್ಯಬೇಡಿ, ವರ್ನಿಯರ್ ಅಂತೂ ಐಟಿಐ ಹುಡುಗರ ಪರೀಕ್ಷೆಗೆ ಇರಲಿ. ದೇವರು ಕೊಟ್ಟ ಗೇಣು ಸಾಕು. ಗುಜರಿ ಅಂಗಡಿಯಲ್ಲಿ ಗಾಲಿಯನ್ನು ಎತ್ತಿ ತಿರುಗಿಸಿ ನೋಡಬೇಡಿ, ರಿಮ್ಮು ಔಟ್ ಇದ್ದರೆ ಅಲ್ಲೇ ಕಂಡುಬಿಡುತ್ತದೆ, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಬರಬೇಕಾಗುತ್ತದೆ. ಬರೇ ಮುಂದಿನ ಗಾಲಿ ಒಂದೇ ಮಾರಾಟಕ್ಕೆ ಯಾಕೆ ಬಂದಿದೆ, ಅದರ ಹಿಂದಿದ್ದ ಗಾಡಿ ಎಲ್ಲಿ, ಗಾಡಿಯ ಮೇಲೆ ಇದ್ದವನು ಎಲ್ಲಿ, ಇದನ್ನೂ ಕೇಳಬೇಡಿ. ಕೇಳುವ ಪ್ರಶ್ನೆ ಒಂದೇ: ‘ಅವೆಂಜರಿಗೆ ಕೂಡ್ತೈತೇನ್ರಿ?’

ಅವನು ಮರಾಠಿಯಲ್ಲಿ ‘ಬಸ್ತಯ್ ಕೀ’ ಎನ್ನುತ್ತಾನೆ. ಈ ಮಾತನ್ನು ಗಮನಿಸಿ, ಇಡೀ ವಿದ್ಯೆ ಇದರಲ್ಲಿದೆ. ಒಂದು ಭಾಗ ಇನ್ನೊಂದಕ್ಕೆ ಹೊಂದುತ್ತದೆ ಎನ್ನಲು ಅವರು ‘ಬಸ್ತಯ್’ ಎನ್ನುತ್ತಾರೆ, ನಾವು ‘ಕೂಡ್ತೈತಿ’ ಎನ್ನುತ್ತೇವೆ. ಎರಡೂ ಕಡೆ ಕೂತುಕೊಳ್ಳುತ್ತದೆ ಎಂದೇ ಅರ್ಥ. ಯಾರೂ ಓಡುತ್ತದೆ ಎನ್ನಲಿಲ್ಲ, ನಿಲ್ಲುತ್ತದೆ ಎನ್ನಲಿಲ್ಲ. ಬೀಗರು ಬಂದರೂ ಪಡಸಾಲಿಯಲ್ಲಿ ಕೂಡುತ್ತಾರೆ. ಅವರನ್ನು ಕಬ್ಬು ಕಡಿಯಲು ಕರೆದರೆ ಗೊತ್ತಾಗುತ್ತದೆ. ಆದರೆ ನೀವು ಕರೆಯುವ ಗೋಜಿಗೆ ಹೋಗಬೇಡಿ, ದುಡ್ಡು ಎಣಿಸಿ ಕೊಡಿ.

ಊರಿಗೆ ಬಂದೊಡನೆ ನಿಮ್ಮ ಹಳೆ ಗಾಲಿಯನ್ನು ಮಾರಿಬಿಡಿ. ಇದು ಬಹಳ ಮುಖ್ಯ. ಮರಳುವ ದಾರಿ ತೆರೆದಿದ್ದರೆ ಮನುಷ್ಯ ಮರಳುತ್ತಾನೆ. ನಾನು ನನ್ನದನ್ನು 800 ರೂಪಾಯಿಗೆ, ಟೈರು ಟ್ಯೂಬು ಡಿಸ್ಕ್ ಪ್ಲೇಟು ಸಮೇತ, ಮನೆಯ ಮುಂದೆ ಬಂದ ಗುಜರಿಯವನಿಗೆ ಕೊಟ್ಟೆ. ಕೊಸರಿಗೆ ಎಕ್ಸೆಲ್ಲನ್ನೂ ಕೊಟ್ಟೆ.

ಮುಂದೆ ಗ್ಯಾರೇಜು. ಕೈಪಿಡಿ ಇಟ್ಟುಕೊಂಡ, ಟಾರ್ಕ್ ಪಾನಾ ಇರುವ ಗ್ಯಾರೇಜಿಗೆ ಹೋಗಬೇಡಿ. ಅವರು ‘ಮಾಡೂದಿಲ್ರಿ’ ಎಂದುಬಿಡುತ್ತಾರೆ. ‘ಮಾಡೂಣ ತಗೋರಿ’ ಎನ್ನುವವನ ಬಳಿ ಹೋಗಿ. ಮೊದಲ ತಕರಾರು ಬೇರಿಂಗಿನಲ್ಲಿ ಬರುತ್ತದೆ, ಆದ್ದರಿಂದ ಸ್ವಲ್ಪ ಬೇರಿಂಗಿನ ಶಾಸ್ತ್ರ ಕೇಳಿಕೊಳ್ಳಿ. ಬೇರಿಂಗಿನ ಮೈಮೇಲೆ ನಂಬರು ಕೊರೆದಿರುತ್ತದೆ. 6202 ಎಂದರೆ ಒಳಗೆ 15 ಮಿ.ಮೀ., ಹೊರಗೆ 35, ದಪ್ಪ 11. 6302 ಎಂದರೆ ಒಳಗೆ ಅದೇ 15, ಹೊರಗೆ 42, ದಪ್ಪ 13. 6301 ಎಂದರೆ ಒಳಗೆ 12, ಹೊರಗೆ 37, ದಪ್ಪ 12. ಈ ನಂಬರು ಜಗತ್ತಿನಾದ್ಯಂತ ಒಂದೇ, ಜಪಾನಿನಲ್ಲೂ ಅದೇ, ಜಮಖಂಡಿಯಲ್ಲೂ ಅದೇ. ತಿಳಿದವನು ಡ್ರಮ್ಮಿನ ತೂತು ಅಳೆದು, ಎಕ್ಸೆಲ್ ಅಳೆದು, ಎರಡಕ್ಕೂ ಸರಿಯಾದ ನಂಬರು ಪಟ್ಟಿಯಲ್ಲಿ ಇದೆಯೇ ಎಂದು ಗಾಲಿ ಕೊಳ್ಳುವ ಮೊದಲೇ ನೋಡುತ್ತಾನೆ. ನೀವು ಕೊಂಡ ಮೇಲೆ ನೋಡಿ.

ಡ್ರಮ್ಮಿನ ತೂತು 42, ನಿಮ್ಮ ಎಕ್ಸೆಲ್ 12 ಎಂದು ಇಟ್ಟುಕೊಳ್ಳಿ. 6302 ತಟ್ಟಿದರೆ ಹೊರಗೆ ಬಿಗಿ, ಒಳಗೆ ಎಕ್ಸೆಲ್ಲಿನ ಸುತ್ತ ಒಂದೂವರೆ ಮಿಲಿಮೀಟರು ಖಾಲಿ. ಅದಕ್ಕೆ ತೆಳು ಬುಶ್ ಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ, ಕೊಲ್ಹಾಪುರದ ಶಿರೋಳಿಯಲ್ಲಿ ಕೂದಲೆಳೆಯ ಸಾವಿರ ಭಾಗ ಮಾಡಿ ತಿರುವಿ ಕೊಡುವ ಕಾರ್ಖಾನೆಗಳಿವೆ. ಅಲ್ಲಿಗೆ ಹೋಗಬೇಡಿ, ಡ್ರಾಯಿಂಗ್ ಕೇಳುತ್ತಾರೆ. ಕ್ರಾಸಿನ ಲೇತಿನವನು ಏನೂ ಕೇಳುವುದಿಲ್ಲ. ಬಾವಿಯ ಪಂಪಿನ ಹಳೆ ಶಾಫ್ಟಿನ ತುಂಡೊಂದನ್ನು ಹಚ್ಚಿ ಹತ್ತು ನಿಮಿಷದಲ್ಲಿ ಬುಶ್ ತೆಗೆದುಕೊಡುತ್ತಾನೆ. ಸ್ವಲ್ಪ ಸಡಿಲಾದರೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸುತ್ತಿ. ಸ್ವಲ್ಪ ಬಿಗಿಯಾದರೆ ಸುತ್ತಿಗೆ ಇದೆ. ಬೇರಿಂಗನ್ನು ಕೂಡಿಸುವಾಗ ಹೊರಗಿನ ಬಳೆಯ ಮೇಲೆ ಸಮನಾಗಿ ಒತ್ತಬೇಕು ಎನ್ನುತ್ತಾರೆ. ನೀವು ಒಳಬಳೆಯ ಮೇಲೆ ಉಳಿ ಇಟ್ಟು ಹೊಡೆಯಿರಿ, ಶಬ್ದ ಚೆನ್ನಾಗಿ ಬರುತ್ತದೆ.

ಇನ್ನೊಂದು ಗುಟ್ಟು. ಎರಡು ಬೇರಿಂಗಿನ ನಡುವೆ, ಡ್ರಮ್ಮಿನ ಹೊಟ್ಟೆಯಲ್ಲಿ, ಒಂದು ಕಬ್ಬಿಣದ ನಳಿಗೆ ಇರುತ್ತದೆ. ಬೇರಿಂಗ್ ತೆಗೆದಾಗ ಅದು ತಾನಾಗಿಯೇ ನೆಲಕ್ಕೆ ಬಿದ್ದು ಉರುಳಿ ಹೋಗುತ್ತದೆ. ಹೋಗಲಿ ಬಿಡಿ. ಎಕ್ಸೆಲ್ಲಿನ ನಟ್ಟು ಬಿಗಿದಾಗ ಆ ಒತ್ತಡವನ್ನು ಹೊರುವುದು ಈ ನಳಿಗೆ. ಅದಿಲ್ಲದಿದ್ದರೆ ಒತ್ತಡವೆಲ್ಲ ಬೇರಿಂಗಿನ ಒಳಬಳೆಗಳನ್ನು ಎರಡೂ ಕಡೆಯಿಂದ ಒಳಕ್ಕೆ ಅಮುಕುತ್ತದೆ, ಗುಂಡುಗಳು ಅಡ್ಡ ಹಿಡಿಯುತ್ತವೆ. ನಟ್ಟು ಬಿಗಿದರೆ ಗಾಲಿ ತಿರುಗುವುದಿಲ್ಲ, ಸಡಿಲಿಸಿದರೆ ಅಲ್ಲಾಡುತ್ತದೆ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಿ. ಆ ಜಾಗವನ್ನು ನಮ್ಮಲ್ಲಿ ‘ಅಂದಾಜು’ ಎನ್ನುತ್ತಾರೆ.

ಗ್ಯಾರೇಜಿನಲ್ಲಿ ಒಬ್ಬ ಸಣ್ಣ ಹುಡುಗ ಇರುತ್ತಾನೆ, ಪಾನಾ ಎತ್ತಿಕೊಡುವವನು. ಅವನು ಕುಕ್ಕರುಗಾಲಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ, ‘ಅಣ್ಣಾ, ಗಾಲಿ ವಾರಿ ಆಗೈತಿ’ ಎನ್ನುತ್ತಾನೆ. ಅವನನ್ನು ಚಹಾ ತರಲು ಕಳಿಸಿ. ಅವನು ಹೇಳಿದ್ದು ನಿಜ. ಹೊಸ ಗಾಲಿಯ ಡ್ರಮ್ಮು ಫೋರ್ಕಿನ ಎರಡು ಕಾಲುಗಳ ನಡುವಿನ ಜಾಗಕ್ಕೆ ಹುಟ್ಟಿದ್ದಲ್ಲ. ಡಿಸ್ಕಿನ ಕಡೆ ಒಂದು ವಾಷರು, ಆಚೆ ಕಡೆ ನಾಲ್ಕು ವಾಷರು ಹಾಕಿದಾಗ ಗಾಲಿ ಎಂಟು ಮಿಲಿಮೀಟರು ಎಡಕ್ಕೆ ಕೂತಿದೆ. ಹಿಂದಿನ ಗಾಲಿಯಿಂದ ಮುಂದಿನ ಗಾಲಿಯ ತನಕ ದಾರ ಹಿಡಿದು ನೋಡಿದರೆ ಗೊತ್ತಾಗುತ್ತದೆ. ದಾರ ಹಿಡಿಯುವುದು ಗೋಡೆ ಕಟ್ಟುವ ಗೌಂಡಿಯ ಕೆಲಸ, ನಿಮ್ಮದಲ್ಲ. ಗಾಡಿ ಎಡಕ್ಕೆ ಎಳೆದರೆ ನೀವು ಬಲಕ್ಕೆ ವಾಲಿ ಕೂಡಿ. ಮೂರು ತಿಂಗಳಲ್ಲಿ ಸೊಂಟ ಒಗ್ಗುತ್ತದೆ.

ಗಾಲಿ ಸರಿಯಾಗಿ ಕೂಡಲಿಲ್ಲವೆಂದರೆ ಧೈರ್ಯಗೆಡಬೇಡಿ, ಫೋರ್ಕನ್ನೂ ಬದಲಿಸಿ. ಒಂದು ತಪ್ಪನ್ನು ಸರಿಪಡಿಸಲು ಅದಕ್ಕಿಂತ ದೊಡ್ಡ ಭಾಗ ಕೊಳ್ಳುವುದೇ ಈ ವಿದ್ಯೆಯ ಬೆನ್ನೆಲುಬು. ಒಂದೇ ಕಂಪನಿಯ ಗಾಡಿಗಳಲ್ಲೂ ಇಲ್ಲಿ ಒಳ್ಳೆಯ ಅವಕಾಶಗಳಿವೆ. 2009ರಲ್ಲಿ ಬಂದ ಕ್ಲಾಸಿಕ್ 350ರ ಫೋರ್ಕಿನ ಕಾಲು 35 ಮಿ.ಮೀ., 2012ರ ಥಂಡರ್‌ಬರ್ಡಿನದು 41. ಎರಡರ ಟ್ಯಾಂಕಿನ ಮೇಲೂ ಒಂದೇ ಹೆಸರು, ಮುಂದೆ ಎರಡಕ್ಕೂ 19 ಇಂಚಿನ ಗಾಲಿ, ಆದ್ದರಿಂದ ಎಲ್ಲವೂ ಒಂದೇ ಎಂದು ತೀರ್ಮಾನಿಸಿ. 41ರ ಕಾಲು 35ರ ‘ಟೀ’ಯೊಳಗೆ, ಅಂದರೆ ಎರಡು ಕಾಲುಗಳನ್ನು ಬಿಗಿಹಿಡಿಯುವ ಹಿಡಿಕೆಯೊಳಗೆ, ಇಳಿಯದಿದ್ದರೆ ಟೀಯನ್ನು ಲೇತಿಗೆ ಹಾಕಿ ಕೊರೆಸಿ. ಹಿಡಿಕೆಯ ಗೋಡೆ ಹಪ್ಪಳದಷ್ಟು ಉಳಿದರೂ ಅದು ಹಿಡಿಕೆಯೇ. ಜೋಡಿ ಸಿಗದಿದ್ದರೆ ಒಂದು ಕಾಲು ಒಂದು ಗಾಡಿಯದು, ಇನ್ನೊಂದು ಕಾಲು ಇನ್ನೊಂದರದು ಹಾಕಿ. ಒಂದರ ಸ್ಪ್ರಿಂಗು ಗಟ್ಟಿ, ಇನ್ನೊಂದರದು ಮೆತ್ತಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಹಿರಿಯರು ಹೇಳಿದ್ದು ಉಳುಮೆಗೆ ಮಾತ್ರ ಅಂತ ತಿಳಿದುಕೊಳ್ಳಿ.

ಫೋರ್ಕಿನ ಆಯಿಲ್ಲನ್ನು ಎರಡೂ ಕಾಲಿಗೆ ಅಳೆದು ಸಮ ಹಾಕಬೇಕೆಂಬ ನಿಯಮವಿದೆ. ಗ್ಯಾರೇಜಿನ ಮೂಲೆಯಲ್ಲಿ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ಲಿನ ಕ್ಯಾನು ಇರುತ್ತದಲ್ಲ, ಅದರಿಂದ ಬಗ್ಗಿಸಿ. ಹಳೆ ಸೀಲನ್ನೇ ತೊಳೆದು ಹಾಕಿ. ನಾಲ್ಕು ದಿನದಲ್ಲಿ ಆಯಿಲ್ ಕಾಲಗುಂಟ ಇಳಿದು ಡಿಸ್ಕ್ ಪ್ಲೇಟಿಗೆ ಮುಟ್ಟುತ್ತದೆ. ಬ್ರೇಕು ಚೀರುತ್ತಿದ್ದರೆ ಅದೂ ನಿಂತುಹೋಗುತ್ತದೆ. ಬ್ರೇಕೂ.

ಡಿಸ್ಕಿನ ಮಾತು ಬಂತಲ್ಲ. ಥಂಡರ್‌ಬರ್ಡಿನ ಮುಂದಿನ ಡಿಸ್ಕು 280 ಮಿ.ಮೀ., ಮೀಟಿಯರಿನದು 300. 300ಕ್ಕೆ ಮಾಡಿದ ಕ್ಯಾಲಿಪರಿನ ಬಾಯಿಗೆ 280ರ ಪ್ಲೇಟು ಕೊಡಿ. ಪ್ಯಾಡಿನ ಹತ್ತು ಮಿಲಿಮೀಟರು ಗಾಳಿಯನ್ನು ಹಿಡಿಯುತ್ತದೆ, ಉಳಿದದ್ದು ಪ್ಲೇಟಿನ ಅಂಚನ್ನು. ಪ್ಯಾಡು ಅರ್ಧವೇ ಸವೆಯುವುದನ್ನು ಉಳಿತಾಯ ಎಂದು ಬರೆದಿಟ್ಟುಕೊಳ್ಳಿ. ಎಬಿಎಸ್ ಗಾಡಿಯಾದರೆ ಇನ್ನೊಂದು ಹೆಜ್ಜೆ ಇದೆ. 2019ರ ಏಪ್ರಿಲ್ 1ರಿಂದ 125 ಸಿಸಿ ಮೇಲಿನ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಆ ಗಾಡಿಗಳ ಗಾಲಿಯ ಮಗ್ಗುಲಿಗೆ ಹಲ್ಲು ಹಲ್ಲಿನ ಒಂದು ಬಳೆ ಇರುತ್ತದೆ, ಗಾಲಿ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಸೆನ್ಸರು ಆ ಹಲ್ಲು ಎಣಿಸಿಯೇ ತಿಳಿಯುತ್ತದೆ. ಹಳೆ ಗಾಲಿ ತಂದರೆ ಬಳೆ ಇಲ್ಲ, ಎಣಿಸಲು ಹಲ್ಲಿಲ್ಲ, ಮೀಟರಿನಲ್ಲಿ ಹಳದಿ ದೀಪ ಹತ್ತಿ ನಿಲ್ಲುತ್ತದೆ. ಕರಿ ಇನ್ಸುಲೇಶನ್ ಟೇಪು ಅರ್ಧ ಇಂಚು ಕತ್ತರಿಸಿ ದೀಪದ ಮೇಲೆ ಅಂಟಿಸಿ. ದುರಸ್ತಿ ಮುಗಿಯಿತು.

ದೊಡ್ಡ ಗಾಲಿಯಿಂದ ಗಾಡಿಯ ಮೂತಿ ಒಂದು ಇಂಚು ಮೇಲೇಳುತ್ತದೆ. ನೋಡಲು ಗತ್ತು. ಇದರ ಹಿಂದಿನ ವಿಜ್ಞಾನ ಕೇಳಿದವರಿಗೆ ಹೀಗೆ ಹೇಳಿ: ಹ್ಯಾಂಡಲ್ಲು ತಿರುಗುವ ದಂಡಿಗೆಯ ಗೆರೆಯನ್ನು ನೆಲದ ತನಕ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬಂದು ತಾಗುತ್ತದೆ. ಆ ಅಂತರವೇ ಟ್ರೇಲ್. ಕಬ್ಬಿನ ಟ್ರೇಲರು ಟ್ರ್ಯಾಕ್ಟರಿನ ಹಿಂದೆ ಎಳೆದಲ್ಲಿಗೆ ಬರುವ ಹಾಗೆ ಟೈರು ಈ ಗೆರೆಯ ಬೆನ್ನು ಹಿಡಿದು ಬರುತ್ತದೆ, ಅದರಿಂದಲೇ ಗಾಡಿ ನೆಟ್ಟಗೆ ಹೋಗುತ್ತದೆ. ಗಾಡಿ ಮಾಡಿದವರು ಎಷ್ಟೋ ದಿನ ಓಡಿಸಿ ನೋಡಿ ಈ ಅಂತರ ಗೊತ್ತುಮಾಡಿರುತ್ತಾರೆ. ಮೂತಿ ಮೇಲೆದ್ದರೆ ಅದು ಹಿಗ್ಗುತ್ತದೆ, ಹ್ಯಾಂಡಲ್ಲು ತಿರುವಿನಲ್ಲಿ ಮೊಂಡು ಹಿಡಿಯುತ್ತದೆ, ನಿಧಾನ ಹೋಗುವಾಗ ಒಂದು ಕಡೆ ಬೀಳುತ್ತದೆ. ದೊಡ್ಡ ಗಾಡಿಗೆ ಸಣ್ಣ ಗಾಲಿ ಹಾಕಿದರೆ ಇದರ ಉಲ್ಟಾ, ಹೋರಿಯ ಹಾಗೆ ಬೆದರುತ್ತದೆ. ಎರಡರಲ್ಲಿ ನಿಮ್ಮ ಸ್ವಭಾವಕ್ಕೆ ಹೊಂದುವುದನ್ನು ಆರಿಸಿಕೊಳ್ಳಿ.

ಮೀಟರಿನ ಕೇಬಲ್ಲು ಮುಂದಿನ ಗಾಲಿಯಿಂದ ಬರುವ ಹಳೆಯ ಗಾಡಿಯಾದರೆ ಒಂದು ಲಾಭ ಪುಕ್ಕಟೆ. 17ರ ಜಾಗದಲ್ಲಿ 19 ತಿರುಗಿದಾಗ ನೀವು 65ರಲ್ಲಿ ಹೋದರೂ ಮೀಟರು 60 ಎನ್ನುತ್ತದೆ. ಹತ್ತು ಸಾವಿರ ಕಿಲೋಮೀಟರು ಓಡಿದರೆ ಸುಮಾರು 9,200 ತೋರಿಸುತ್ತದೆ. ಮಾರುವಾಗ ‘ಕಡಿಮಿ ಓಡಿದ ಗಾಡಿರಿ’ ಎಂದು ಮನಸ್ಸಾಕ್ಷಿಯಾಗಿ ಹೇಳಬಹುದು.

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಮಾಡಿದ್ದನ್ನು ಮಾಲೀಕ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಎಂದು ಬಂತು. ಗಾಲಿ ಒಂದು, ಫೋರ್ಕು ಎರಡು, ಬ್ರೇಕು ಮೂರು ಎಂದು ಪೊಲೀಸಪ್ಪ ಬೆರಳು ಮಡಚುವಾಗ ನಡುವೆ ಮಾತಾಡಬೇಡಿ, ನಾಲ್ಕನೆಯದು ಕಂಡೀತು. ಕೆಎ-23 ನಂಬರು, ಚಿಕ್ಕೋಡಿಯ ಕಾಗದ, ಅರ್ಧ ಗಾಡಿ ಮಿರಜದ್ದು: ಗಡಿ ತಂಟೆಯನ್ನು ಒಂದೇ ಬೈಕಿನಲ್ಲಿ ಬಗೆಹರಿಸಿದ್ದೇನೆ ಎಂದು ಹೇಳಿ ನೋಡಿ. ವಿಮೆಯವರಿಗೆ ಮಾತ್ರ ಏನೂ ತಿಳಿಸಬೇಡಿ. ಅಪಘಾತವಾದ ಮೇಲೆ ಅವರೇ ಬಂದು ಫೋಟೋ ಹೊಡೆದುಕೊಂಡು ತಿಳಿದುಕೊಳ್ಳುತ್ತಾರೆ.

ಕೊನೆಗೆ ಓಡಿಸಿ ನೋಡುವುದು. ಇದಕ್ಕೆ ಕಬ್ಬಿನ ಹಂಗಾಮು ಪ್ರಶಸ್ತ. ರಾತ್ರಿ ಎಂಟರ ಮೇಲೆ ಹೊರಡಿ. ಎರಡೆರಡು ಟ್ರೇಲರು ಕಟ್ಟಿಕೊಂಡು, ಹಿಂದೆ ಕೆಂಪು ದೀಪವಿಲ್ಲದೆ, ಕಬ್ಬಿನ ಸುಳಿಯನ್ನು ರಸ್ತೆಯ ಅರ್ಧದ ತನಕ ಚಾಚಿಕೊಂಡು ಟ್ರ್ಯಾಕ್ಟರುಗಳು ಫ್ಯಾಕ್ಟರಿಗೆ ಹೊರಟಿರುತ್ತವೆ. ಬಿದ್ದ ಕಬ್ಬಿನ ಮೇಲೆ ಗಾಲಿ ಹಾಯಿಸಿ. ಫೋರ್ಕಿನ ಎರಡು ಕಾಲಿಗೆ ಎರಡು ಅಭಿಪ್ರಾಯ ಇರುವುದು ಆಗ ತಿಳಿಯುತ್ತದೆ. ಮುಂದಿನ ಬ್ರೇಕು ಹಿಡಿಯಿರಿ. ಹಿಡಿದರೆ ಒಳ್ಳೆಯದು.

ನಾನು ಹಿಡಿದೆ. ಟ್ರೇಲರಿನ ಹಿಂದೆ ಇನ್ನು ಒಂದು ಮಾರು ಇತ್ತು, ಬದುವಿಗೆ ಇಳಿಸಿದೆ. ಎರೆಭೂಮಿ, ತಾಯಿಯ ಹಾಗೆ ಮೆತ್ತಗೆ ಎತ್ತಿಕೊಂಡಳು. ಮೊಣಕಾಲು ತರಚಿತು, ಮಾನ ಹೋಯಿತು, ಮತ್ತೇನಿಲ್ಲ. ಮರುದಿನ ಗ್ಯಾರೇಜಿನವನು ಗಾಲಿ ಬಿಚ್ಚಿದಾಗ ಬೇರಿಂಗಿನ ಗುಂಡುಗಳು ಹುರಿದ ಕಡಲೆಯಂತೆ ಅಂಗೈಗೆ ಬಂದವು. ನೀವು ಇಲ್ಲಿಯ ತನಕ ನನ್ನ ಮಾತು ಪಾಲಿಸಿದ್ದರೆ ನಿಮಗೂ ಬರುತ್ತವೆ, ಎಣಿಸಿ ಡಬ್ಬಿಯಲ್ಲಿಡಿ.

ಈಗ ಹಳೆ ಗಾಲಿ ಹುಡುಕಿಕೊಂಡು ಗುಜರಿಯವನಲ್ಲಿಗೆ ಹೋಗಿ. ಅವನು ಅದನ್ನು ಗೋಡೆಗೆ ನೇತುಹಾಕಿ, ನೀವು ಬರುತ್ತೀರೆಂದು ಕಾದಿರುತ್ತಾನೆ. ಚೌಕಾಸಿ ಮಾಡಬೇಡಿ. ನನಗೆ 2,200 ಹೇಳಿದ, 2,200 ಕೊಟ್ಟೆ. ಎಕ್ಸೆಲ್ಲಿಗೆ ಬೇರೆ 150. ‘ಕೂಡ್ತೈತೇನಪಾ?’ ಎಂದೆ, ರೂಢಿ ಬಿದ್ದಿತ್ತು. ಅವನು ನನ್ನ ಮುಖ ನೋಡಿದ, ಮಾತಾಡಲಿಲ್ಲ.

ಹಾಕಿದವನು ಗ್ಯಾರೇಜಿನ ಆ ಸಣ್ಣ ಹುಡುಗ. ಚಹಾ ಬರುವುದರೊಳಗೆ ಮುಗಿಸಿದ. ಒಂದು ವಾಷರೂ ಬೇಕಾಗಲಿಲ್ಲ.